ಐದನೇ ಮುತ್ತೈದೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಒಂದು ಸುಳ್ಳು ಹೇಳಿ ಲೆಕ್ಕವಿಲ್ಲದಷ್ಟು ಮದುವೆ ಮಾಡಿಸಿದ್ದೇನೆ. ಆ ಸುಳ್ಳು ನನ್ನ ಗಂಡನ ಬಗ್ಗೆ. ಅವರು ಸತ್ತು ಮೂರು ವರ್ಷವಾಗಿತ್ತು. ಕೆಲಸ ಬೇಕಾಗಿತ್ತು, ಬದುಕಿದ್ದಾರೆ ಅಂದುಬಿಟ್ಟೆ. ಹಾಗೆ ಯಾಕೆ ಅಂದೆ ಅಂತ ಹೇಳಬೇಕಾದರೆ ಚಾಮರಾಜಪೇಟೆಯ ವಠಾರದಿಂದಲೇ ಶುರುಮಾಡಬೇಕು.

ಮದುವೆಯಾಗಿ ಆ ವಠಾರಕ್ಕೆ ಬಂದಾಗ ನನಗೆ ಇಪ್ಪತ್ತಮೂರು. ಬಿ.ಕಾಂ. ಮುಗಿಸಿ ಒಂದು ಆಫೀಸಿನಲ್ಲಿ ಟೈಪಿಂಗ್ ಮಾಡಿಕೊಂಡಿದ್ದೆ. ನಮ್ಮನೆಯವರು ಬಿನ್ನಿಪೇಟೆ ಕಡೆ ಒಂದು ಗೋಡೌನಿನಲ್ಲಿ ಗುಮಾಸ್ತರು. ಒಂದು ಕೋಣೆ, ಒಂದು ಅಡುಗೆಮನೆ, ಮಧ್ಯೆ ಒಂದು ಪಡಸಾಲೆ. ಆ ಪಡಸಾಲೆ ತುಂಬಾ ಕೊಬ್ಬರಿ. ಅತ್ತೆ ಮದುವೆಮನೆಗಳಿಗೆ ಆರತಿ ತಟ್ಟೆ ಮಾಡಿಕೊಡುತ್ತಿದ್ದರು. ಒಣಕೊಬ್ಬರಿ ಗಿಟುಕಿನ ಮೇಲೆ ಚಿಕ್ಕ ಚಾಕುವಿನಿಂದ ನವಿಲು, ಕಮಲ, ಪಲ್ಲಕ್ಕಿ ಕೆತ್ತಿ ಬಣ್ಣ ತುಂಬುವುದು; ಹಸೆಮಣೆಗೆ ರಂಗೋಲಿ ಬರೆಯುವುದು; ಗಂಡು ಹೆಣ್ಣಿನ ಮಧ್ಯೆ ಹಿಡಿಯುವ ಅಂತರಪಟದ ಮೇಲೆ ಕುಂಕುಮದಿಂದ ಸ್ವಸ್ತಿಕ ಬರೆದು ಸುತ್ತ ಬಳ್ಳಿ ಹಬ್ಬಿಸುವುದು. ಬಸವನಗುಡಿಯಿಂದ ಮಲ್ಲೇಶ್ವರದವರೆಗೂ ಅವರ ಕೈಕೆಲಸ ಹೋಗುತ್ತಿತ್ತು. ನನಗೂ ಕಲಿಸಿದರು. ತಪ್ಪಿದರೆ ಬೆರಳ ಗೆಣ್ಣಿಗೆ ಚಾಕುವಿನ ಹಿಡಿಯಿಂದ ಒಂದು ಕೊಡುತ್ತಿದ್ದರು.

ಕೈಕೆಲಸ ಹೋಗುತ್ತಿತ್ತು, ಅತ್ತೆ ಹೋಗುತ್ತಿರಲಿಲ್ಲ. ಅವರು ಚಿಕ್ಕ ವಯಸ್ಸಿಗೇ ವಿಧವೆ. ನಮ್ಮನೆಯವರಿಗೆ ನಾಲ್ಕು ವರ್ಷವಿದ್ದಾಗ ಮಾವ ತೀರಿಕೊಂಡಿದ್ದರು. ಗಂಡ ಸತ್ತವಳು ಆರತಿ ತಟ್ಟೆಯನ್ನು ಮನೆಯಲ್ಲಿ ಕೂತು ಮಾಡಬಹುದಂತೆ, ಮಂಟಪದ ಮುಂದಕ್ಕೆ ತರಬಾರದಂತೆ. ಈ ಶಾಸ್ತ್ರ ಮಾಡಿದವನ ಮನೆ ಹಾಳಾಗ! ನಾನು ಬರುವ ತನಕ ಪಕ್ಕದ ಮನೆಯಾಕೆ ತಟ್ಟೆ ಹೊತ್ತುಕೊಂಡು ಹೋಗುತ್ತಿದ್ದರು, ನಾನು ಬಂದ ಮೇಲೆ ಆ ಕೆಲಸ ನನ್ನದಾಯಿತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಆಟೋದಲ್ಲಿ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಛತ್ರಕ್ಕೆ ಹೋಗುತ್ತಿದ್ದೆ. ವಾಪಸ್ಸು ಬಂದರೆ ಅತ್ತೆಯದು ಒಂದೇ ಪ್ರಶ್ನೆ: "ದೀಪ ಹಚ್ಚಿದ್ಮೇಲೆ ಹೇಗ್ ಕಾಣ್ತಿತ್ತೇ?" ತಾವು ಮಾಡಿದ ಒಂದು ತಟ್ಟೆಯನ್ನೂ ಮಂಟಪದಲ್ಲಿ ಬೆಳಗಿದ್ದನ್ನು ಅವರು ನೋಡಿರಲಿಲ್ಲ. ನಾನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ.

ಮದುವೆಯಾದ ನಾಲ್ಕನೇ ವರ್ಷ ನಮ್ಮನೆಯವರಿಗೆ ಕಾಮಾಲೆ ಬಂತು. ನಾಟಿ ಔಷಧಿ ಅಂತ ಹದಿನೈದು ದಿನ ಕಳೆದೆವು, ಆಸ್ಪತ್ರೆಗೆ ಸೇರಿಸಿದಾಗ ಹೊತ್ತು ಮೀರಿತ್ತು. ಮಕ್ಕಳಿರಲಿಲ್ಲ. ನನ್ನ ಆಫೀಸು ಅದರ ಹಿಂದಿನ ವರ್ಷವೇ ಬಾಗಿಲು ಹಾಕಿತ್ತು. ಹದಿಮೂರು ದಿನ ಕಳೆದು ನೆಂಟರೆಲ್ಲ ಎದ್ದು ಹೋದ ಮೇಲೆ ಪಡಸಾಲೆಯಲ್ಲಿ ನಾನು, ಅತ್ತೆ, ಅರ್ಧ ಕೆತ್ತಿಟ್ಟಿದ್ದ ಕೊಬ್ಬರಿ.

ಅರ್ಧ ಕೆತ್ತಿದ್ದನ್ನು ಪೂರ್ತಿ ಮಾಡಿದೆವು, ಯಾಕೆಂದರೆ ಮೊದಲೇ ಒಪ್ಪಿಕೊಂಡ ಕೆಲಸ. ಬಸವನಗುಡಿಯಿಂದ ಆ ಮದುವೆ ಹುಡುಗಿಯ ಸೋದರತ್ತೆ ಬಂದರು. ಹೊಸಿಲಾಚೆಯೇ ನಿಂತರು. ತಟ್ಟೆ ನೋಡಿ, "ಕೈಗೆ ಬಂಗಾರದ ಬಳೆ ಹಾಕ್ಬೇಕು, ಅಷ್ಟು ಚೆನ್ನಾಗಿದೆ," ಅಂದರು. ಆಮೇಲೆ ನನ್ನ ಹಣೆ ನೋಡಿ, ಅತ್ತೆಯ ಹಣೆ ನೋಡಿ, "ಆದ್ರೆ ತರೋರು ಯಾರಮ್ಮ?" ಅಂದರು. ಕೆಟ್ಟ ಹೆಂಗಸಲ್ಲ ಆಕೆ. ಕಣ್ಣಲ್ಲಿ ನೀರಿತ್ತು. ಆದರೂ ತಟ್ಟೆ ತೆಗೆದುಕೊಳ್ಳದೆ ಹೋದರು. ಇಬ್ಬರು ವಿಧವೆಯರ ಮನೆಯ ಆರತಿ ಯಾರಿಗೆ ಬೇಕು? ಒಂದು ವರ್ಷದೊಳಗೆ ಕೆಲಸ ಪೂರಾ ನಿಂತುಹೋಯಿತು. ಮಾಮೂಲ್‌ಪೇಟೆಯ ಅಂಗಡಿಯವರೊಬ್ಬರು ಮಾತ್ರ, ಮದುವೆ ಸಾಮಾನು ಮಾರುವವರು, ಯಾರ ಕೈಕೆಲಸ ಅಂತ ಯಾರಿಗೂ ಹೇಳದೆ ತಿಂಗಳಿಗೆ ಒಂದೆರಡು ಕೊಬ್ಬರಿ ತೆಗೆದುಕೊಳ್ಳುತ್ತಿದ್ದರು.

ಆಗ ನ್ಯೂಜಿಲೆಂಡಿನವರು ವಯಸ್ಸು, ಓದು, ಅನುಭವಕ್ಕೆ ಅಂಕ ಹಾಕಿ ಹೊರಗಿನವರನ್ನು ಕರೆಸಿಕೊಳ್ಳುತ್ತಿದ್ದ ಕಾಲ. ಮಲ್ಲೇಶ್ವರದಲ್ಲಿ ಒಬ್ಬ ಏಜೆಂಟ್ ಅರ್ಜಿ ತುಂಬಿಕೊಡುತ್ತಿದ್ದ. ನನ್ನ ಬಿ.ಕಾಂ., ಟೈಪಿಂಗ್, ವಯಸ್ಸು ಎಲ್ಲ ಕೂಡಿಸಿ, "ಬರತ್ತೆ ಮೇಡಂ, ಸರಿಯಾಗಿ ಗಡಿ ಮೇಲೆ ಬರತ್ತೆ," ಅಂದ. ವೈವಾಹಿಕ ಸ್ಥಿತಿ ಅನ್ನುವ ಕಡೆ ವಿಧವೆ ಅಂತ ನಾನೇ ಬರೆದೆ. ಆ ಸರ್ಕಾರಕ್ಕೆ ಅದರಿಂದ ಏನೂ ಆಗಲಿಲ್ಲ, ವೀಸಾ ಕೊಟ್ಟಿತು. ಇನ್ನು ತೊಡುವ ಹಾಗಿಲ್ಲದ ಬಂಗಾರವನ್ನು ಮಾರಿ ಟಿಕೆಟ್ ತೆಗೆಸಿದೆ.

ಅತ್ತೆ ಬೇಡ ಅನ್ನಲಿಲ್ಲ. "ಹೋಗು. ಇಬ್ರೂ ಎದುರುಬದುರು ಕೂತು ಒಬ್ಬರ ಬೋಳುಹಣೆ ಒಬ್ರು ನೋಡ್ತಾ ಇರೋದಕ್ಕಿಂತ ವಾಸಿ," ಅಂದರು. ಬಾಡಿಗೆ, ಔಷಧಿ ಎಲ್ಲ ಇನ್ನು ನಾನು ಕಳಿಸುವುದರಿಂದಲೇ ನಡೆಯಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಲಿಲ್ಲ.

ಆಕ್ಲೆಂಡಿಗೆ ಹೋಗಿ ಇಳಿದಾಗ ನನ್ನ ಹತ್ತಿರ ಇದ್ದದ್ದು ಒಂದು ಆಲ್ಬಂ. ಮಂಟಪ, ಹಸೆ, ಆರತಿ ತಟ್ಟೆಗಳ ಫೋಟೋ ಅಂಟಿಸಿದ್ದ ಆಲ್ಬಂ. ಅದನ್ನು ಹಿಡಿದುಕೊಂಡು ಪಾರ್ಟಿ, ಸಮಾರಂಭ ಮಾಡಿಸುವ ಕಂಪನಿಗಳ ಬಾಗಿಲು ತಟ್ಟಿದೆ. ಎಲ್ಲರೂ ನಗುನಗುತ್ತಾ ಕೂರಿಸಿ, ಕಾಫಿ ಕೊಟ್ಟು, ಇಲ್ಲಿ ಕೆಲಸ ಮಾಡಿದ ಅನುಭವ ಇದೆಯಾ ಅಂತ ಕೇಳಿ, ನಗುನಗುತ್ತಾ ಕಳಿಸುತ್ತಿದ್ದರು. ಇಲ್ಲಿ ಕೆಲಸ ಕೊಡದೆ ಇಲ್ಲಿನ ಅನುಭವ ಎಲ್ಲಿಂದ ತರಲಿ, ನಿಮ್ಮ ತಲೆ! ಒಂದು ಹೋಟೆಲಿನ ಮ್ಯಾನೇಜರು ಎಂಟಡಿ ರಂಗೋಲಿಯ ಫೋಟೋ ನೋಡಿ, ಈ ಕಾರ್ಪೆಟ್ಟು ಎಲ್ಲಿ ಬಾಡಿಗೆಗೆ ಸಿಗುತ್ತದೆ ಅಂತ ಕೇಳಿದ. ಕೈಯಲ್ಲಿ ಬರೆದದ್ದು ಅಂದೆ. ಕೆಲಸ ಮುಗಿದ ಮೇಲೆ ಏನು ಮಾಡುತ್ತೀರಿ ಅಂದ. ಗುಡಿಸಿಬಿಡುತ್ತೇವೆ ಅಂದೆ. ಅವನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು, ಔತಣ ನಡೆಯುವ ಹಾಲ್‌ನಲ್ಲಿ ಕುರ್ಚಿ ಜೋಡಿಸುವ ಕೆಲಸ ಕೊಟ್ಟ.

ಹತ್ತು ತಿಂಗಳು ಕುರ್ಚಿ ಜೋಡಿಸಿದೆ. ನೆಲಮಾಳಿಗೆಯಲ್ಲಿ ಮೇಜಿನ ಬಟ್ಟೆಗಳನ್ನು ಇಸ್ತ್ರಿ ಮಾಡಿದೆ. ವಾರಕ್ಕೆ ಮೂರು ದಿನ ಕರೆದರೆ ಹೆಚ್ಚು, ಚಳಿಗಾಲದಲ್ಲಿ ಅದೂ ಇಲ್ಲ. ಅತ್ತೆಗೆ ಫೋನ್ ಮಾಡಿದಾಗ, ಮನೆ ಮಾಲೀಕರ ಮನೆಗೆ ಮಾಡಬೇಕಿತ್ತು, "ಮಂಟಪದ ಕೆಲಸವೇ ಅತ್ತೆ, ದೊಡ್ಡ ಹೋಟೆಲು," ಅನ್ನುತ್ತಿದ್ದೆ. ಎರಡು ತಿಂಗಳು ಅವರಿಗೆ ಏನೂ ಕಳಿಸಲಾಗಲಿಲ್ಲ. ಮೂರನೇ ತಿಂಗಳು ಫೋನ್ ಮಾಡಿದರೆ ಮಾಲೀಕರೇ ಮಾತಾಡಿ, "ನಿಮ್ಮತ್ತೆ ಛತ್ರದಲ್ಲಿ ತರಕಾರಿ ಹೆಚ್ಚೋಕೆ ಹೋಗ್ತಿದಾರಮ್ಮ," ಅಂದರು. ಆವತ್ತು ಫೋನ್ ಬೂತಿನಲ್ಲಿ ನಿಂತು ಅತ್ತುಬಿಟ್ಟೆ.

ಅದಾದ ಮೇಲೇ ನನಗೆ ಮೇಡಂ ಸಿಕ್ಕಿದ್ದು. ಬೆಂಗಳೂರಿನ ವೈಯಾಲಿಕಾವಲ್‌ನವರು, ಆಕ್ಲೆಂಡಿಗೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ನಮ್ಮ ದೇಶದವರ ಮದುವೆ, ಗೃಹಪ್ರವೇಶ, ಸೀಮಂತ ಎಲ್ಲವನ್ನೂ ವಹಿಸಿಕೊಂಡು ಮಾಡಿಸುವ ಕಂಪನಿ ಅವರದು. ಆಲ್ಬಮ್ಮಿನ ಮೂರನೇ ಹಾಳೆಗೇ ಅವರು ಕನ್ನಡಕ ತೆಗೆದರು. "ಅಯ್ಯೋ ದೇವ್ರೇ, ಈ ಕೊಬ್ಬರಿ ನೋಡಿ ಎಷ್ಟ್ ವರ್ಷ ಆಯ್ತು," ಅಂದರು. ನನಗೆ ಜೀವ ಬಂತು. ಅಷ್ಟರಲ್ಲಿ ಅವರು ಕೇಳಿದರು: "ಒಂದ್ ವಿಷ್ಯ ಹೇಳ್ಬಿಡ್ತೀನಿ, ತಪ್ಪು ತಿಳ್ಕೋಬೇಡಿ. ನಮ್ಮಲ್ಲಿ ಡೆಕೋರೇಷನ್ ಒಂದೇ ಅಲ್ಲ. ಶಾಸ್ತ್ರಕ್ಕೆ ಐದು ಜನ ಮುತ್ತೈದೇರು ಬೇಕು ಅಂತಾರೆ, ಇಲ್ಲಿ ಅತ್ತೆ ಚಿಕ್ಕಮ್ಮ ಅಂತ ಎಲ್ಲಿಂದ ತರ್ತಾರೆ ಪಾಪ? ಕಮ್ಮಿ ಬಿದ್ರೆ ನಮ್ಮ ಹುಡುಗೀರೇ ನಿಂತ್ಕೋಬೇಕು. ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?"

ನಾನು ಹಣೆಗೆ ಚಿಕ್ಕ ಸ್ಟಿಕ್ಕರ್ ಇಟ್ಟುಕೊಂಡಿದ್ದೆ. ವಯಸ್ಸು ಚಿಕ್ಕದು, ಇಟ್ಟುಕೊಂಡರೆ ತಪ್ಪಿಲ್ಲ ಅಂತ ವಠಾರದವರೇ ಒಪ್ಪಿದ್ದ ಸ್ಟಿಕ್ಕರ್ರು ಅದು. ಮೇಡಂ ಕಣ್ಣು ಅದರ ಮೇಲಿತ್ತು. ತರಕಾರಿ ಹೆಚ್ಚುವ ಅತ್ತೆ ಕಣ್ಣ ಮುಂದೆ ಬಂದರು. "ಬೆಂಗಳೂರಲ್ಲೇ ಕೆಲಸ," ಅಂದೆ. "ಅತ್ತೆಗೆ ವಯಸ್ಸಾಗಿದೆ, ಅವರನ್ನ ನೋಡ್ಕೊಂಡು ಅಲ್ಲೇ ಇದಾರೆ."

ಆ ಸಂಜೆ ಇಂಡಿಯನ್ ಅಂಗಡಿಗೆ ಹೋಗಿ ಕುಂಕುಮ, ಗಾಜಿನ ಬಳೆ, ಕರಿಮಣಿ ಸರ ಕೊಂಡೆ. ಕಾಲುಂಗುರ ಮಾತ್ರ ಸಿಗಲಿಲ್ಲ. ಆಮೇಲೆ ಯಾರಿಂದಲೋ ತರಿಸಿಕೊಂಡೆ.

ಮೊದಲ ಮದುವೆಯಲ್ಲೇ ನಾಲ್ಕೇ ಜನ ಮುತ್ತೈದೆಯರು ಸಿಕ್ಕಿದ್ದರು, ಐದನೆಯವಳು ನಾನು. ಹುಡುಗಿಯ ಮುಖದ ಮುಂದೆ ತಟ್ಟೆ ಎತ್ತಿ ಹಿಡಿದವಳು ಅರ್ಧಕ್ಕೇ ನಿಂತೆ. ಶಾಸ್ತ್ರ ಮಾಡಿದವನಿಗೆ ಶಾಪ ಹಾಕಿದವಳು ನಾನೇ, ನನಗ್ಯಾಕೆ ಹೆದರಿಕೆ? ಆದರೆ ಒಳಗೆ ಕೂತದ್ದು ಅಷ್ಟು ಸುಲಭಕ್ಕೆ ಎದ್ದು ಹೋಗುವುದಿಲ್ಲ. ದೇವರೇ, ಈ ಹುಡುಗಿಗೆ ನನ್ನ ಗತಿ ಬರದೆ ಇರಲಿ, ನನ್ನ ನೆರಳೂ ತಾಕದೆ ಇರಲಿ ಅಂತ ಬೇಡಿಕೊಂಡು ಆರತಿ ಎತ್ತಿದೆ. ಪ್ರತಿ ಮದುವೆಯಲ್ಲೂ ಅದನ್ನೇ ಬೇಡಿಕೊಂಡೆ. ಎಷ್ಟೋ ಹುಡುಗಿಯರು, ನೀವು ಆರತಿ ಎತ್ತುವಾಗ ಎಷ್ಟು ಭಕ್ತಿಯಿಂದ ಕಣ್ಣು ಮುಚ್ಚುತ್ತೀರಿ ಆಂಟಿ ಅಂತ ಕಾಲಿಗೆ ಬಿದ್ದಿದ್ದಾರೆ.

ಕೆಲಸ ಚೆನ್ನಾಗಿಯೇ ಕೂಡಿಬಂತು. ಅತ್ತೆ ತರಕಾರಿ ಹೆಚ್ಚುವುದನ್ನು ಬಿಟ್ಟರು. ಮೇಡಂ ನನ್ನನ್ನು ಬಿಟ್ಟು ಒಂದು ಮದುವೆಗೂ ಹೊರಡುತ್ತಿರಲಿಲ್ಲ. ಕಷ್ಟವಾದದ್ದು ಗಂಡನನ್ನು ಬದುಕಿಸಿ ಇಟ್ಟುಕೊಳ್ಳುವುದು. ವರ್ಷಕ್ಕೊಮ್ಮೆ ಅವರಿಗೆ ವೀಸಾ ನಿರಾಕರಿಸಿದೆ. ಬಡ್ತಿ ಕೊಡಿಸಿದೆ, ಸ್ವಲ್ಪ ಬಿಪಿ ತರಿಸಿದೆ. ನಮ್ಮನೆಯವರ ಹುಟ್ಟುಹಬ್ಬಕ್ಕೆ ಅಂತ ಮೇಡಂ ಸ್ವೆಟರ್ ಕೊಟ್ಟರು, ಪಾರ್ಸಲ್ ಮಾಡಿದೆ ಅಂದೆ. ಅದು ನನ್ನ ಪೆಟ್ಟಿಗೆಯಲ್ಲಿತ್ತು. ತಿಥಿಯ ದಿನ ರಜೆ ಕೇಳುವ ಹಾಗಿರಲಿಲ್ಲ. ಒಂದು ವರ್ಷ ಅದೇ ದಿನ ಮದುವೆ ಬಂತು, ಹಸಿರು ಸೀರೆ ಉಟ್ಟು ಓಡಾಡಿದೆ. ರಾತ್ರಿ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ.

ಹೀಗೆ ಏಳು ವರ್ಷ ಕಳೆಯಿತು. ಎರಡು ಸಾವಿರ ಇಸವಿ ದಾಟಿದ ಮೇಲೆ ಅಲ್ಲಿನ ನಮ್ಮ ಜನರಿಗೆ ಊರಿಗೆ ಬಂದು ಮದುವೆ ಮಾಡುವ ಹುಚ್ಚು ಹತ್ತಿತು. ಮೇಡಂಗೆ ತುಂಬಾ ಬೇಕಾದವರೊಬ್ಬರು, ನಮಗೆ ಎಷ್ಟೋ ಕೆಲಸ ಕೊಡಿಸಿದವರು, ಮಗಳ ಮದುವೆಯನ್ನು ಬಸವನಗುಡಿಯ ಛತ್ರದಲ್ಲೇ ಮಾಡಬೇಕು ಅಂತ ಕೂತರು. "ನನಗೆ ಬರಕ್ಕಾಗಲ್ಲ, ನೀವೇ ಹೋಗಿ ಎಲ್ಲಾ ರೆಡಿ ಮಾಡಿ, ನಿಮ್ಮೂರು. ಯಜಮಾನ್ರನ್ನೂ ನೋಡ್ದಂಗಾಗತ್ತೆ," ಅಂದರು ಮೇಡಂ. ಆಗುವುದಿಲ್ಲ ಅನ್ನಲು ಯಾವ ಕಾರಣ ಕೊಡಲಿ?

ಬಂದೆ. ಅತ್ತೆಗೆ ಹೇಳಲಿಲ್ಲ. ಚಾಮರಾಜಪೇಟೆಯ ಕಡೆ ತಲೆಹಾಕದೆ ಗಾಂಧಿ ಬಜಾರಿನ ಹತ್ತಿರ ಒಂದು ಲಾಡ್ಜಿನಲ್ಲಿ ಇಳಿದೆ. ಮದುವೆ ಮುಗಿಸಿ, ಆ ಜನ ವಿಮಾನ ಹತ್ತಿದ ಮೇಲೆ, ಕುಂಕುಮ ಬಳೆ ಎಲ್ಲ ತೆಗೆದಿಟ್ಟು, ಈಗ ತಾನೇ ಇಳಿದೆ ಅಂತ ಅತ್ತೆಯ ಮುಂದೆ ಹೋಗಿ ನಿಲ್ಲುವುದು ಅಂತ ಲೆಕ್ಕ ಹಾಕಿದ್ದೆ. ಕಳ್ಳತನ ಮಾಡುವವರಿಗೂ ಇಷ್ಟು ಲೆಕ್ಕ ಇರುವುದಿಲ್ಲ.

ತಪ್ಪಿದ್ದು ಕೊಬ್ಬರಿಯಲ್ಲಿ. ಹುಡುಗಿಯ ತಾಯಿಗೆ ಐದು ಕೆತ್ತನೆ ಕೊಬ್ಬರಿ ಜೋಡಿಸಿದ ಆರತಿ ತಟ್ಟೆ ಬೇಕಿತ್ತು. ನನಗೆ ಪುರುಸೊತ್ತಿರಲಿಲ್ಲ. ಮಾಮೂಲ್‌ಪೇಟೆಯ ಅದೇ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಹಣೆ ನೋಡಿದರು. "ಇನ್ನೊಂದ್ ಮದ್ವೆ ಆಯ್ತೇನಮ್ಮ? ಒಳ್ಳೇದಾಯ್ತು ಬಿಡಿ," ಅಂದರು. ಹೂಂ ಅಂದೆ, ಇನ್ನೇನು ಅನ್ನಲಿ. ಕೊಬ್ಬರಿ ಕೆತ್ತುವವರು ಯಾರಿದ್ದಾರೆ ಅಂತ ಕೇಳಿದೆ. ಗೊತ್ತಿದ್ದೇ ಕೇಳಿದೆ. "ನಿಮ್ಮತ್ತೆ ಬಿಟ್ರೆ ಇನ್ಯಾರಿದಾರೆ," ಅಂದರು. ಅವರಿಗೇ ಕೊಡಿ, ನಾನು ಕೊಟ್ಟದ್ದು ಅಂತ ಹೇಳಬೇಡಿ, ಛತ್ರದ ವಿಳಾಸ ಕೊಟ್ಟು ಯಾರ ಕೈಯಲ್ಲಾದರೂ ಕಳಿಸಿ ಅಂದೆ. ಅತ್ತೆಯೇ ತರಬಹುದು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮೂವತ್ತು ವರ್ಷ ಒಂದು ತಟ್ಟೆಯನ್ನೂ ಛತ್ರಕ್ಕೆ ಹೊರದ ಹೆಂಗಸು. ಹೊರುವವಳಾಗಿದ್ದ ನಾನೇ ಊರು ಬಿಟ್ಟು ಹೋಗಿದ್ದೇನೆ, ಇನ್ನು ಯಾರು ಹೊತ್ತು ತರಬೇಕು ಅನ್ನುವುದನ್ನು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ.

ಮುಹೂರ್ತದ ಬೆಳಿಗ್ಗೆ ತಟ್ಟೆ ಬಂತು, ಹಿಂದಿನ ಬಾಗಿಲಿಗೆ ಬನ್ನಿ ಅಂತ ಅಡುಗೆಯವರು ಕೂಗಿದರು. ನಾನು ರೇಷ್ಮೆ ಸೀರೆ, ಕೈತುಂಬಾ ಹಸಿರು ಬಳೆ, ಕಾಸಿನಗಲ ಕುಂಕುಮದಲ್ಲಿ ಓಡಿಹೋದೆ. ಸಾಮಾನು ತುಂಬಿಡುವ ಉಗ್ರಾಣದ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಾಸಲು ಸೀರೆ, ಎರಡೂ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ನಾನು ಬಿಟ್ಟು ಹೋದಾಗ ಇದ್ದ ಅರ್ಧದಷ್ಟೇ ಆಗಿದ್ದರು.

ಅವರ ಕಣ್ಣು ನನ್ನ ಹಣೆಯಿಂದ ಕೊರಳಿಗೆ, ಕೊರಳಿಂದ ಬಳೆಗೆ, ಬಳೆಯಿಂದ ಕಾಲುಂಗುರಕ್ಕೆ ಇಳಿಯಿತು. ಅಷ್ಟರಲ್ಲಿ ಹಿಂದಿನಿಂದ ಹುಡುಗಿಯ ತಾಯಿ, "ತಟ್ಟೆ ಬಂತಾ ಅಂತ ಪುರೋಹಿತರು ಕೇಳ್ತಿದಾರೆ," ಅನ್ನುತ್ತಾ ಬಂದರು. ಅತ್ತೆಯನ್ನು ನೋಡಿದರು.

"ಯಾರಿವರು?"

ನಾನು ಬಾಯಿ ತೆರೆದೆ. ಅಂಗಡಿಯವರು ಅನ್ನಲೇ, ಅಡುಗೆಯವರು ಅನ್ನಲೇ? ಅತ್ತೆಯೇ ಹೇಳಿದರು: "ಇವಳತ್ತೆ."

"ಅಯ್ಯೋ, ಹೌದಾ! ನಿಮ್ಮ ಸೊಸೆ ಬಂಗಾರ ಕಣ್ರೀ. ಅಲ್ಲಿ ಇವರ ಕೈಯಾರತಿ ಇಲ್ದೆ ಒಂದ್ ಮದ್ವೆ ಆಗಲ್ಲ." ಆಕೆ ಸುತ್ತ ನೋಡಿದರು. "ನಿಮ್ಮ ಮಗ ಎಲ್ಲಿ? ಏಳು ವರ್ಷದಿಂದ ಕೇಳ್ತಾನೇ ಇದೀವಿ, ಒಂದ್ ದಿನ ಕಣ್ಣಿಗೆ ಬಿದ್ದಿಲ್ಲ. ಇವತ್ತಾದ್ರೂ ಕರ್ಸಿ."

ಅಡುಗೆಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದರು. ಮುಗಿಯಿತು ಅಂದುಕೊಂಡೆ. ಅತ್ತೆ ಒಂದು ಮಾತು ಅಂದರೆ ಸಾಕು, ಇನ್ನು ಅರ್ಧ ಗಂಟೆಯಲ್ಲಿ ಆಕ್ಲೆಂಡಿಗೆ ಫೋನ್ ಹೋಗುತ್ತದೆ. ನನ್ನ ಕೆಲಸ ಹೋಗುತ್ತದೆ, ಅತ್ತೆಯ ಬಾಡಿಗೆ, ಔಷಧಿ ಹೋಗುತ್ತದೆ, ನಾನು ಆರತಿ ಎತ್ತಿದ ಅಷ್ಟೂ ಮನೆಗಳಲ್ಲಿ ನನ್ನ ಹೆಸರಿಗೆ ಉಗಿಯುತ್ತಾರೆ. ಅಂದರೆ ಅನ್ನಲಿ, ಅವರ ಮಗ, ಅನ್ನುವ ಹಕ್ಕಿದೆ. ನಾನು ನೆಲ ನೋಡಿಕೊಂಡು ನಿಂತೆ.

"ಡ್ಯೂಟಿ ಇದೆ ಅವನಿಗೆ," ಅಂದರು ಅತ್ತೆ. "ಸಾಯಂಕಾಲ ಬರ್ತಾನೆ."

ಮಾಮೂಲು ದನಿ. ನಮ್ಮನೆಯವರು ಇದ್ದಾಗ ಯಾರಾದರೂ ಹುಡುಕಿಕೊಂಡು ಬಂದರೆ ಇದೇ ದನಿಯಲ್ಲಿ ಹೇಳುತ್ತಿದ್ದರು. ಆಕೆ ಖುಷಿಯಾಗಿ, ಬಂದರೆ ಊಟ ಮಾಡಿಸಿಯೇ ಕಳಿಸಬೇಕು ಅಂತ ನನಗೆ ಹೇಳಿ ಹೋದರು. ಅತ್ತೆ ತಟ್ಟೆಯನ್ನು ನನ್ನ ಕೈಗಿಟ್ಟು, "ಹೋಗು, ಮುಹೂರ್ತ ಮೀರತ್ತೆ," ಅಂದರು.

ಹೋದೆ. ಅಂತರಪಟ ಸರಿಯಿತು, ಗಟ್ಟಿಮೇಳ ಬಾರಿಸಿದರು. ಐದು ಜನರಲ್ಲಿ ಐದನೆಯವಳಾಗಿ ಆರತಿ ಎತ್ತಿದೆ. ಆವತ್ತು ಕಣ್ಣು ಮುಚ್ಚಲಿಲ್ಲ, ಏನನ್ನೂ ಬೇಡಿಕೊಳ್ಳಲಿಲ್ಲ. ಮೊದಲ ಪಂಕ್ತಿ ಕೂರಿಸುವ ತನಕ ಅಲ್ಲಿಂದ ಕದಲಲು ಆಗಲಿಲ್ಲ.

ವಾಪಸ್ಸು ಬಂದಾಗ ಅತ್ತೆ ಹೋಗಿರುತ್ತಾರೆ ಅಂದುಕೊಂಡಿದ್ದೆ. ಉಗ್ರಾಣದ ಒಳಗೆ ಅಕ್ಕಿಮೂಟೆಯ ಮೇಲೆ ಕೂತಿದ್ದರು. ನಾನು ಬಾಗಿಲು ಮುಂದೆ ಮಾಡಿ ಅವರ ಕಾಲ ಹತ್ತಿರ ನೆಲದ ಮೇಲೆ ಕೂತೆ. ಬೈಯಲಿ, ಚಾಕುವಿನ ಹಿಡಿ ಇಲ್ಲದಿದ್ದರೆ ಕೈಯಲ್ಲೇ ಹೊಡೆಯಲಿ ಅಂತ ಕಾದೆ.

"ತಪ್ಪಾಯ್ತು ಅತ್ತೆ," ಅಂದೆ. "ಕೆಲಸ ಸಿಗ್ತಿರ್ಲಿಲ್ಲ. ಹೊಟ್ಟೆಪಾಡಿಗೆ ಹೇಳ್ದೆ. ಬೇಡ ಅಂದ್ರೆ ಇವತ್ತೇ ಅವರಿಗೆ ನಿಜ ಹೇಳಿ ಬಿಟ್ಟುಬಿಡ್ತೀನಿ. ಇಬ್ರೂ ತರಕಾರಿ ಹೆಚ್ಚೋಣ."

ಅವರು ನನ್ನ ಕೈ ಎಳೆದುಕೊಂಡು ಹಸಿರು ಬಳೆಗಳನ್ನು ಒಂದೊಂದಾಗಿ ಹಿಂದೆ ಮುಂದೆ ಸರಿಸಿದರು. ಆಮೇಲೆ ಕೇಳಿದರು.

"ಅಲ್ಲಿಯವ್ರು ಕೇಳ್ತಾರಲ್ಲ, ನೀನಿಲ್ದೆ ಅವನಿಗೆ ಊಟಕ್ಕೆ ಯಾರು ಹಾಕ್ತಾರೆ ಅಂತ. ಏನ್ ಹೇಳಿದೀಯ?"

"ನೀವೇ ಹಾಕ್ತೀರಿ ಅಂತ ಹೇಳಿದೀನಿ ಅತ್ತೆ."

ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡರು. ಮಗ ಸತ್ತಾಗಲೂ ಅವರು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಹೊರಗೆ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ನನ್ನನ್ನು ಯಾರೋ ಕೂಗಿದರು, ನಾನು ಏಳಲಿಲ್ಲ. ಅತ್ತೆ ಮುಖ ಒರೆಸಿಕೊಂಡು, ನನ್ನ ಗಲ್ಲ ಹಿಡಿದು ಎತ್ತಿ, ನಾನು ಕಣ್ಣೊರೆಸಿಕೊಳ್ಳುವಾಗ ಹರಡಿಹೋಗಿದ್ದ ಕುಂಕುಮವನ್ನು ತಮ್ಮ ಹೆಬ್ಬೆರಳಿನಿಂದ ಸರಿಮಾಡಿದರು.

"ಬಿಡ್ಬೇಡ ಕಣೇ," ಅಂದರು. "ಅಲ್ಲಾದ್ರೂ ಇರ್ಲಿ ಅವನು."